ಎಂಜಿನಿಯರಿಂಗ್ ಆಯ್ಕೆಯೂ ಕೋಲಾರ ಚಿನ್ನದ ಗಣಿಯ ಪಾಠವೂ

ಸಿಇಟಿ ಫಲಿತಾಂಶ ಪ್ರಕಟವಾಗುತ್ತಿದ್ದಂತೆ ಮನೆಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮಕ್ಕಳಿಗೆ ಎಂಜಿನಿಯರಿಂಗ್‌ನ ಯಾವ ವಿಭಾಗ? ಉತ್ತರವೂ ಬಹುಪಾಲು ಒಂದೇ: ಕಂಪ್ಯೂಟರ್ ಸೈನ್ಸ್. ಸರ್ಕಾರಿ ಕೋಟಾದಲ್ಲಿ ಅದು ದೊರೆಯದಿದ್ದರೆ ಹೊಲ ಅಡವಿಟ್ಟಾದರೂ ಆಡಳಿತ ಮಂಡಳಿಯ ಸೀಟು ಕೊಡಿಸಬೇಕೆಂಬ ಹಟ ಹೆತ್ತವರದು. ಈ ನಿರ್ಧಾರಕ್ಕೆ ಮುನ್ನ ಸಮಾಜ ಬಾಂಧವರು ಕೋಲಾರ ಚಿನ್ನದ ಗಣಿ ಪ್ರದೇಶದತ್ತ ಒಮ್ಮೆ ದೃಷ್ಟಿ ಹರಿಸಬೇಕೆಂಬುದು ನಮ್ಮ ವಿನಂತಿ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಸಾಗುವ ರೈಲು ಹಾದಿಯಲ್ಲಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳಿವೆ. ಇವೆಲ್ಲ ಗಣಿಯಿಂದಲೇ ಬೆಳೆದ ಊರುಗಳು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದ ಮೇಲೆ ಈ ನೆಲವು ಎಂಜಿನಿಯರುಗಳ ದೊಡ್ಡ ಪಾಠಶಾಲೆಯೇ ಆಯಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರ ಹರಿದು ಮೊದಲು ತಲುಪಿದ್ದು ಬೆಂಗಳೂರನ್ನಲ್ಲ, ಈ ಗಣಿಗಳನ್ನು. ನೆಲದಡಿ ಮೂರು ಕಿ.ಮೀ.ಗೂ ಆಳಕ್ಕೆ ಇಳಿದಾಗ ಗಾಳಿಯನ್ನು ಒಳಗೆ ಹಾಯಿಸಲು, ನೀರನ್ನು ಮೇಲೆತ್ತಲು, ಸಿಡಿಯುವ ಬಂಡೆಯಿಂದ ಜೀವ ಉಳಿಸಲು ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಗಣಿ ಎಂಜಿನಿಯರುಗಳೆಲ್ಲರೂ ಬೇಕಾದರು. ಗಣಿಯ ನೌಕರಿಯೆಂದರೆ ಜೀವಮಾನದ ಭದ್ರತೆಯೆಂದು ಆಗಿನ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತು, ತೆಗೆಯುವ ವೆಚ್ಚ ಏರಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಂದು ಉದ್ಯೋಗ ಕಳೆದುಕೊಂಡವರ ಮಕ್ಕಳು ಮತ್ತು ಮೊಮ್ಮಕ್ಕಳಲ್ಲಿ ಅನೇಕರು ಇಂದು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ.

ಅದೇ ನೆಲದಲ್ಲಿ ಉಳಿದದ್ದನ್ನೂ ಗಮನಿಸಬೇಕು. ಆಳದ ಬಂಡೆಯೊಡನೆ ಹೋರಾಡಿ ಗಳಿಸಿದ ಅರಿವು ಗಣಿಯೊಂದಿಗೆ ಸಮಾಧಿಯಾಗಲಿಲ್ಲ. 1988ರಲ್ಲಿ ಕೆಜಿಎಫ್‌ನಲ್ಲಿಯೇ ಹುಟ್ಟಿದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಸಂಸ್ಥೆಯ ವಿದ್ಯೆ ಸುರಂಗಗಳಿಗೂ ಜಲವಿದ್ಯುತ್ ಯೋಜನೆಗಳಿಗೂ ನೆರವಾಯಿತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕೆಜಿಎಫ್‌ನ ತನ್ನ ಕಾರ್ಖಾನೆಯಲ್ಲಿ ಮಣ್ಣು ಅಗೆಯುವ, ದೂಡುವ ಭಾರೀ ಯಂತ್ರಗಳನ್ನು ಇಂದಿಗೂ ನಿರ್ಮಿಸುತ್ತಿದೆ. ಕೋಲಾರ ಸಮೀಪದ ನರಸಾಪುರದಲ್ಲಿ ದ್ವಿಚಕ್ರ ವಾಹನ ಮತ್ತು ಮೊಬೈಲ್ ಫೋನ್ ತಯಾರಿಕೆಯ ಬೃಹತ್ ಘಟಕಗಳು ನೆಲೆಯೂರಿವೆ. ಅಲ್ಲೆಲ್ಲ ಯಂತ್ರಗಳನ್ನು ನಡೆಸಿ ದುರಸ್ತಿ ಮಾಡಬಲ್ಲ, ಗುಣಮಟ್ಟವನ್ನು ಅಳೆಯಬಲ್ಲ ಕೈಗಳಿಗೆ ಕೆಲಸವಿದೆ. ಒಂದು ಉದ್ಯಮ ಅಳಿಯಬಹುದು, ಕೈಗೆ ಹತ್ತಿದ ವಿದ್ಯೆ ಬೇರೆಡೆ ಅನ್ನ ಹುಡುಕಿಕೊಳ್ಳುತ್ತದೆ.

ಈ ಪಾಠವನ್ನು ಇಂದಿನ ಸಾಫ್ಟ್‌ವೇರ್ ಕ್ಷೇತ್ರಕ್ಕೂ ಅನ್ವಯಿಸಿ ನೋಡೋಣ. 2023-24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಈ ಮೂರು ಕಂಪನಿಗಳ ಸಿಬ್ಬಂದಿ ಸಂಖ್ಯೆ ಒಟ್ಟಾರೆ ಸುಮಾರು 64 ಸಾವಿರದಷ್ಟು ಇಳಿಯಿತು. ಹೊಸಬರು ಮಾಡುತ್ತಿದ್ದ ಆರಂಭಿಕ ಹಂತದ ಕೋಡ್ ಬರವಣಿಗೆಯಲ್ಲಿ ಕೃತಕ ಬುದ್ಧಿಮತ್ತೆಯೂ ಪಾಲು ಪಡೆಯುತ್ತಿದೆ. ಇತ್ತ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2024-25ರಿಂದ ಸೀಟುಗಳ ಗರಿಷ್ಠ ಮಿತಿಯನ್ನು ಸಡಿಲಿಸಿದ್ದರಿಂದ, ಬೇಡಿಕೆಯಿರುವ ವಿಭಾಗಗಳಲ್ಲಿ ಸೀಟು ಹೆಚ್ಚಿಸಿಕೊಳ್ಳಲು ಕಾಲೇಜುಗಳಿಗೆ ದಾರಿ ತೆರೆಯಿತು. ಕಂಪ್ಯೂಟರ್ ವಿದ್ಯೆ ಬೇಡವೆಂದು ನಾವು ಹೇಳುತ್ತಿಲ್ಲ. ಒಲವುಳ್ಳವರು ಅದನ್ನೇ ಆಳವಾಗಿ ಕಲಿಯಲಿ. ಆದರೆ ವಿಭಾಗದ ಹೆಸರೇ ನೌಕರಿಯ ಭರವಸೆಯೆಂದು ತಿಳಿದು ಸಾಲದ ಹೊರೆ ಹೊರುವುದು ವಿವೇಕವಲ್ಲ.

ಆದ್ದರಿಂದ ಹೆತ್ತವರು ಕಾಲೇಜಿಗೆ ಹೋದಾಗ ಅತ್ಯಧಿಕ ಸಂಬಳ ಪಡೆದ ಒಬ್ಬ ವಿದ್ಯಾರ್ಥಿಯ ಭಾವಚಿತ್ರವನ್ನು ನೋಡಿ ಮರುಳಾಗಬಾರದು. ಆ ವಿಭಾಗದಿಂದ ಹೊರಬಂದವರೆಷ್ಟು, ಕೆಲಸ ಸಿಕ್ಕಿದವರೆಷ್ಟು, ನಡುಮಟ್ಟದ ವಿದ್ಯಾರ್ಥಿಯ ಸಂಬಳವೆಷ್ಟು ಎಂದು ಕೇಳಬೇಕು. ಪ್ರಯೋಗಾಲಯವನ್ನೂ ವರ್ಕ್‌ಶಾಪನ್ನೂ ಕಣ್ಣಾರೆ ನೋಡಬೇಕು. ಕಾರ್ಖಾನೆಗಳಲ್ಲಿ ತರಬೇತಿಗೆ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಎಸ್ಸೆಸ್ಸೆಲ್ಸಿಯ ನಂತರ ಡಿಪ್ಲೊಮಾ ಮಾಡಿ, ಎರಡನೆಯ ವರ್ಷದ ಎಂಜಿನಿಯರಿಂಗ್‌ಗೆ ನೇರವಾಗಿ ಸೇರುವ ಹಾದಿಯನ್ನು ಕೀಳಾಗಿ ಕಾಣಬಾರದು.

ಅನ್ನ, ಅಕ್ಷರ ದಾಸೋಹದ ಪರಂಪರೆಯುಳ್ಳ ನಮ್ಮ ಸಮಾಜದ ಶಿಕ್ಷಣ ಸಂಸ್ಥೆಗಳ ಹೊಣೆಯೂ ದೊಡ್ಡದು. ಉದ್ಯೋಗದ ಅಂಕಿಅಂಶಗಳನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸುವುದು ಅವುಗಳ ಧರ್ಮ. ಬಡ ಕುಟುಂಬವೊಂದು ಸಾಲದ ಹಣವನ್ನು ತಂದು ಕೈಗಿಡುವಾಗ ಅದಕ್ಕೆ ನಿಜವನ್ನು ತಿಳಿಯುವ ಹಕ್ಕಿದೆ.

ಶರಣರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಅವರು ನೋಡಿದ್ದು ಅದನ್ನು ಮಾಡುವವರ ನಿಷ್ಠೆಯನ್ನು. ವಿಭಾಗಗಳ ನಡುವೆ ನಾವು ಕಟ್ಟಿಕೊಂಡಿರುವ ಮೇಲುಕೀಳನ್ನೂ ಬಿಡೋಣ. ಮಗು ಯಾವುದನ್ನು ಮನಸ್ಸಿಟ್ಟು ಕಲಿಯಬಲ್ಲದು ಎಂಬುದನ್ನು ಮೊದಲು ಅದರ ಬಾಯಿಂದಲೇ ಕೇಳೋಣ. ಸೀಟಿನ ಮಾತು ಆನಂತರ.