ಹೆಂಚಿನ ಮನೆಗೆ ಗಾಳಿಶೋಧಕ ಬೇಕೆ?

ಫಾಲ್ಗುಣ ಕಾಲಿಡುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮಣ್ಣುರಸ್ತೆಗಳ ಅಂಚಿನ ಗಿಡಗಂಟಿಗಳೆಲ್ಲ ಒಂದೇ ಬಣ್ಣಕ್ಕೆ ತಿರುಗಿರುತ್ತವೆ. ಜೀಪೊಂದು ಹಾದುಹೋದರೆ ಸಾಕು, ಎದ್ದ ಕೆಂಧೂಳು ಬೇಲಿ ದಾಟಿ, ಅಂಗಳ ದಾಟಿ, ಹೆಂಚಿನ ಸಂದಿಯಲ್ಲಿ ನುಸುಳಿ ಮಲಗುವ ಕೋಣೆಯ ಹಾಸಿಗೆಯ ಮೇಲೆ ಬಂದು ಕೂರುತ್ತದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಧೂಳು ಮಲೆನಾಡಿಗೆ ಹೊಸತಲ್ಲ. ಅದಕ್ಕೆ ಪರಿಹಾರವೆಂದು ಏರ್ ಪ್ಯೂರಿಫೈಯರ್ ಎಂಬ ಗಾಳಿಶೋಧಕ ಯಂತ್ರ ಹಳ್ಳಿಯ ಮನೆಗಳಿಗೂ ಬರತೊಡಗಿರುವುದು ಹೊಸತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನೋ ಮಗಳೋ ಊರಿಗೆ ಬಂದಾಗ ವಯಸ್ಸಾದ ತಂದೆಯ ರಾತ್ರಿಯ ಕೆಮ್ಮನ್ನು ಕೇಳುತ್ತಾರೆ; ತಿಂಗಳೊಪ್ಪತ್ತಿನಲ್ಲಿ ಪೆಟ್ಟಿಗೆಯೊಂದು ಮನೆಬಾಗಿಲಿಗೆ ಬರುತ್ತದೆ. "ರಾತ್ರಿಯಿಡೀ ಹಾಕಿಟ್ಟು ಮಲಗಿ ಅಪ್ಪಯ್ಯ, ಇನ್ನು ಧೂಳಿನ ಚಿಂತೆ ಬೇಡ" ಎಂಬ ಸೂಚನೆಯೂ ದೂರವಾಣಿಯಲ್ಲಿ ಬರುತ್ತದೆ.

ಮಕ್ಕಳ ಈ ಕಾಳಜಿಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ಆದರೆ ದೆಹಲಿಯ ಬಹುಮಹಡಿ ಕಟ್ಟಡದ ಮುಚ್ಚಿದ ಕೋಣೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ಜಾಹೀರಾತನ್ನು ನಂಬಿ ಶೃಂಗೇರಿ ಸೀಮೆಯ ಹೆಂಚಿನ ಮನೆಗೆ ಯಂತ್ರ ಆರಿಸುವುದು ಸರಿಯೆ? ಹಳದಿ ಎಲೆ ರೋಗಕ್ಕೆ ತೋಟವನ್ನು ಒಪ್ಪಿಸಿ ಕುಳಿತ ಕುಟುಂಬಗಳಿಗೆ ಎಂಟು-ಹತ್ತು ಸಾವಿರ ರೂಪಾಯಿ ಸಣ್ಣ ಮೊತ್ತವೇನಲ್ಲ. ಕೊಳ್ಳುವ ಮೊದಲು ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ತಿಳಿದುಕೊಳ್ಳುವುದು ಒಳಿತು.

ಯಂತ್ರದ ಕೆಲಸ ಸರಳವಾದುದು. ಒಳಗಿನ ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಂಡು, ಒತ್ತೊತ್ತಾಗಿ ಮಡಚಿದ ನಾರಿನ ಹಾಳೆಯ ಮೂಲಕ ಹಾಯಿಸಿ ಹೊರಗೆ ಬಿಡುತ್ತದೆ. ಹೆಪಾ ಎಂಬ ಹೆಸರಿನ ಈ ಹಾಳೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ತಡೆಯಬೇಕೆಂಬುದು ಅಮೆರಿಕದ ಮಾನದಂಡ. ಒಳ್ಳೆಯ ಹಾಳೆ ಅಷ್ಟನ್ನು ತಡೆಯುವುದೂ ನಿಜ. ಆದರೆ ಅದಕ್ಕೆ ಮೊದಲು ಕಣ ಯಂತ್ರದ ಬಾಯಿಯವರೆಗೆ ಬರಬೇಕಲ್ಲ! ನಿಶ್ಚಲವಾದ ಗಾಳಿಯಲ್ಲಿ 10 ಮೈಕ್ರಾನ್ ಗಾತ್ರದ ಧೂಳಿನ ಕಣ ಆಳೆತ್ತರದಿಂದ ನೆಲಕ್ಕೆ ಇಳಿಯಲು ಹತ್ತು ನಿಮಿಷ ಸಾಕು. ರಸ್ತೆಯ ಕೆಂಧೂಳಿನ ಬಹುಪಾಲು ಅದಕ್ಕಿಂತಲೂ ದಪ್ಪನಾದುದು. ಯಂತ್ರ ಅದನ್ನು ಎಳೆದುಕೊಳ್ಳುವ ಮೊದಲೇ ಹೊದಿಕೆಯ ಮೇಲೂ ಕಿಟಕಿಯ ದಳಿಯ ಮೇಲೂ ಅದು ಕುಳಿತಿರುತ್ತದೆ. ಅರ್ಧ ಮೈಕ್ರಾನ್ ಗಾತ್ರದ ಹೊಗೆಯ ಕಣವಾದರೋ ಅಷ್ಟೇ ದೂರ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಕಾಲ ಬೇಕು. ಕಣ್ಣಿಗೆ ಕಾಣದೆ ತೇಲುವ ಈ ಕಣಗಳೇ ಯಂತ್ರಕ್ಕೆ ಸಿಗುವಂಥವು, ಶ್ವಾಸಕೋಶದ ಆಳಕ್ಕೆ ಇಳಿಯುವಂಥವೂ ಇವೇ. ಆದ್ದರಿಂದ ಮೇಜಿನ ಮೇಲಿನ ಧೂಳಿಗೆ ಹೆದರಿ ಯಂತ್ರ ಕೊಂಡವರು ನಿರಾಶರಾಗುತ್ತಾರೆ. ಆ ಧೂಳಿಗೆ ಮದ್ದು ಒದ್ದೆಬಟ್ಟೆ. ಒಣಪೊರಕೆಯಿಂದ ರಭಸವಾಗಿ ಗುಡಿಸಿದರೆ ಕುಳಿತ ಧೂಳು ಮತ್ತೆ ಎದ್ದು ಗುಡಿಸುವವರ ಮೂಗಿಗೇ ಬರುತ್ತದೆ.

ಹಾಗಾದರೆ ನಮ್ಮ ಮಲಗುವ ಕೋಣೆಗಳಲ್ಲಿ ತೇಲುವ ಹೊಗೆ ಎಲ್ಲಿಯದು? ಮಲೆನಾಡಿನ ಗಾಳಿ ಶುದ್ಧವೆಂಬ ಮಾತನ್ನು ಪ್ರವಾಸಿಗರಿಗಿಂತ ಹೆಚ್ಚಾಗಿ ಮಲೆನಾಡಿನವರೇ ನಂಬಿದ್ದಾರೆ. ಅಂಗಳದ ಗಾಳಿಗೆ ಆ ಮಾತು ವರ್ಷದ ಬಹುಕಾಲ ಸಲ್ಲಬಹುದು. ಮನೆಯೊಳಗಿನ ಗಾಳಿಯ ಸಂಗತಿ ಬೇರೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದಲೂ, ಅದಕ್ಕೆ ಮೊದಲೇ ಸ್ವಂತ ಖರ್ಚಿನಿಂದಲೂ ಅಡುಗೆಮನೆಗಳಿಗೆ ಗ್ಯಾಸ್ ಬಂದಿತು. ಬಚ್ಚಲುಮನೆಯ ಹಂಡೆಯ ಒಲೆ ಮಾತ್ರ ಹಾಗೆಯೇ ಉಳಿಯಿತು. ಮಳೆಗಾಲದಲ್ಲಿ ಅರೆಹಸಿ ಸೌದೆ, ಬೇಸಿಗೆಯಲ್ಲಿ ಸೋಗೆ, ಹಾಳೆ, ತೆಂಗಿನ ಮಟ್ಟೆ, ಮಧ್ಯೆ ಮಧ್ಯೆ ಯಾರೂ ಒಪ್ಪಿಕೊಳ್ಳದ ಪ್ಲಾಸ್ಟಿಕ್ ಕೊಟ್ಟೆಗಳು: ಬೆಳಗಿನಿಂದ ಸಂಜೆಯವರೆಗೆ ಆ ಒಲೆ ಏನಾದರೊಂದನ್ನು ಉರಿಸುತ್ತಲೇ ಇರುತ್ತದೆ. ಹಳೆಯ ಮನೆಗಳಲ್ಲಿ ಕೋಣೆಗಳ ನಡುವಿನ ಗೋಡೆ ಮಾಡನ್ನು ಮುಟ್ಟುವುದಿಲ್ಲ. ಬಚ್ಚಲಿನ ಹೊಗೆ ಗೋಡೆಯ ಮೇಲಿನಿಂದ ಹಾದು ನಡುಮನೆಗೂ ಮಲಗುವ ಕೋಣೆಗೂ ಸಲೀಸಾಗಿ ಬರುತ್ತದೆ. ಜಂತಿಗೆ ಜೋತ ಇಲ್ಲಣವೇ ಅದಕ್ಕೆ ಸಾಕ್ಷಿ. ಹೊಗೆ ತಗುಲಿದ ಮರಕ್ಕೆ ಹುಳು ಹಿಡಿಯುವುದಿಲ್ಲವೆಂದು ಹಿರಿಯರು ಹೇಳುವುದುಂಟು. ಆ ಹೊಗೆಯಲ್ಲೇ ನಲವತ್ತು ವರ್ಷ ನೀರು ಕಾಯಿಸಿದ ಅಮ್ಮನ ಎದೆಯ ವಿಚಾರವನ್ನು ಅವರು ಹೇಳಿದ್ದು ಕಡಿಮೆ. ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಂಥ ಮನೆಯಲ್ಲಿ ಯಂತ್ರದ ಲೆಕ್ಕ ಹೇಗಾಗುತ್ತದೆಂದು ನೋಡಬಹುದು. ಯಂತ್ರದ ಸಾಮರ್ಥ್ಯವನ್ನು ಸಿ.ಎ.ಡಿ.ಆರ್. ಎಂಬ ಅಂಕಿಯಲ್ಲಿ ಹೇಳುತ್ತಾರೆ. ಗಂಟೆಗೆ ಎಷ್ಟು ಘನಮೀಟರ್ ಶುದ್ಧಗಾಳಿಯನ್ನು ಅದು ಕೊಡಬಲ್ಲದು ಎಂಬುದೇ ಅದು. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 31 ಘನಮೀಟರ್ ಗಾಳಿಯಿರುತ್ತದೆ. ಅದನ್ನು ಗಂಟೆಗೆ ಐದು ಸಲ ಶೋಧಿಸಬೇಕಾದರೆ 155ರಷ್ಟು ಸಿ.ಎ.ಡಿ.ಆರ್. ಬೇಕು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಅಂಕಿ ಸಾಮಾನ್ಯವಾಗಿ ಫ್ಯಾನಿನ ಅತಿ ಹೆಚ್ಚಿನ ವೇಗಕ್ಕೆ ಸಂಬಂಧಿಸಿದುದು. ಆ ಸದ್ದಿನಲ್ಲಿ ನಿದ್ದೆ ಬಾರದೆಂದು ರಾತ್ರಿ ವೇಗ ತಗ್ಗಿಸಿದರೆ ಅರ್ಧದಷ್ಟೂ ಸಿಗಲಾರದು. ಆದ್ದರಿಂದ ಆ ಕೋಣೆಗೆ 300ರ ಆಸುಪಾಸಿನ ಯಂತ್ರವನ್ನು ಆರಿಸಿ ಮಧ್ಯಮ ವೇಗದಲ್ಲಿ ಓಡಿಸುವುದು ವಿವೇಕ. ಇದು ನಾಲ್ಕೂ ಗೋಡೆ ಪೂರ್ಣವಿರುವ, ಮೇಲೆ ಮುಚ್ಚಿಗೆಯಿರುವ ಕೋಣೆಯ ಮಾತು. ಮುಚ್ಚಿಗೆಯಿಲ್ಲದ ಹೆಂಚಿನ ಕೋಣೆಯಲ್ಲಿ ಯಂತ್ರ ಶೋಧಿಸಬೇಕಾದುದು ಇಡೀ ಮನೆಯ ಗಾಳಿಯನ್ನು, ಜೊತೆಗೆ ಹೆಂಚಿನ ಸಂದಿಯಿಂದ ಎಡೆಬಿಡದೆ ಬರುವ ಹೊರಗಿನ ಗಾಳಿಯನ್ನು. ತೂತಿನ ಕೊಡಪಾನಕ್ಕೆ ಬಾವಿಯಿಂದ ನೀರು ಸೇದಿ ತುಂಬಿದಂತೆ ಅದು.

ಮಳೆಗಾಲದಲ್ಲಿ ಸಂಗತಿ ಇನ್ನೊಂದು ಬಗೆಯಾಗುತ್ತದೆ. ಮಳೆ ಬೇಡಿ ಜನ ಕಿಗ್ಗದ ಋಷ್ಯಶೃಂಗನಿಗೆ ಹರಕೆ ಹೊರುವ ಸೀಮೆಯಿದು. ಶೃಂಗೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆಯಾಗುವುದು ಸಾಮಾನ್ಯ. ಭದ್ರಾ ಹಿನ್ನೀರಿನ ಕಡೆಯ ನರಸಿಂಹರಾಜಪುರದಲ್ಲಿ ಮಳೆ ಕಡಿಮೆ, ಬೇಸಿಗೆಯ ಧೂಳು ಹೆಚ್ಚು. ಜೂನ್ ಬಂದೊಡನೆ ಕೆಂಧೂಳು ಅಡಗಿ, ಹಾಸಿಗೆಯೊಳಗೆ ಧೂಳುನುಸಿಯ ಕಾಲ ಆರಂಭವಾಗುತ್ತದೆ. ಕಣ್ಣಿಗೆ ಕಾಣದ ಈ ಜೀವಿಗೆ ಮನುಷ್ಯನ ಚರ್ಮದ ಉದುರು ಆಹಾರ, ಗಾಳಿಯ ತೇವವೇ ನೀರು. ಸಾಪೇಕ್ಷ ಆರ್ದ್ರತೆ ಶೇ. 50ಕ್ಕಿಂತ ಕೆಳಗೆ ಬಹುಕಾಲ ನಿಂತರೆ ಅದು ಒಣಗಿ ಸಾಯುತ್ತದೆ. ಮಲೆನಾಡಿನ ಆಷಾಢ-ಶ್ರಾವಣಗಳಲ್ಲಿ ಅಂಥ ದಿನವೇ ಇರುವುದಿಲ್ಲ. ಅನೇಕ ಮಕ್ಕಳ ಉಬ್ಬಸಕ್ಕೂ ಬೆಳಗಿನ ಸೀನಿಗೂ ಕಾರಣವಾಗುವುದು ಈ ನುಸಿಯ ಹಿಕ್ಕೆ. ಅದೂ ದಪ್ಪನೆಯ ಕಣವಾದ್ದರಿಂದ ಬೇಗ ಕೆಳಗಿಳಿದು ದಿಂಬಿನಲ್ಲೇ ಉಳಿಯುತ್ತದೆ. ಮೂಲೆಯಲ್ಲಿಟ್ಟ ಯಂತ್ರಕ್ಕೆ ಸಿಗುವುದು ಅಲ್ಪ. ದಿಂಬಿಗೂ ಹಾಸಿಗೆಗೂ ಒತ್ತಾದ ನೇಯ್ಗೆಯ ಗವಸು ಹಾಕುವುದು, ವಾರಕ್ಕೊಮ್ಮೆ ಹೊದಿಕೆಯನ್ನು 60 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನಲ್ಲಿ ಒಗೆಯುವುದು, ಬಿಸಿಲು ಕಂಡ ದಿನ ಹಾಸಿಗೆಯನ್ನು ಅಂಗಳಕ್ಕೆ ಹಾಕುವುದು ಇಲ್ಲಿ ಹೆಚ್ಚು ಫಲ ಕೊಡುತ್ತವೆ. ಗಾಳಿಶೋಧಕ ತೇವವನ್ನು ತೆಗೆಯುವುದೂ ಇಲ್ಲ. ಅದರ ಹಾಳೆ ತಿಂಗಳುಗಟ್ಟಲೆ ಒದ್ದೆಗಾಳಿಯಲ್ಲಿ ಸುಮ್ಮನೆ ಕುಳಿತರೆ ಬೂಷ್ಟು ಹಿಡಿಯುವುದುಂಟು. ಯಂತ್ರದ ಮುಖದಲ್ಲಿ ಬೆಳಗುವ ಕೆಂಪುದೀಪವನ್ನೂ ಮಳೆಗಾಲದಲ್ಲಿ ಪೂರ್ತಿ ನಂಬುವಂತಿಲ್ಲ: ತೇವ ಹೀರಿ ಉಬ್ಬಿದ ಕಣಗಳನ್ನೂ ಮಂಜಿನ ಹನಿಗಳನ್ನೂ ಅದರ ಅಗ್ಗದ ಸಂವೇದಕ ಧೂಳೆಂದೇ ಎಣಿಸುತ್ತದೆ.

ಇಷ್ಟಾದರೂ ಯಂತ್ರವೇ ಬೇಡವೆನ್ನುವುದು ಮೊಂಡುತನವಾದೀತು. ಉಬ್ಬಸವಿರುವ ಮಗುವೋ, ಶ್ವಾಸಕೋಶ ಸೋತ ಹಿರಿಯರೋ ಮನೆಯಲ್ಲಿದ್ದು, ಮುಚ್ಚಿಗೆಯೂ ಭದ್ರವಾದ ಬಾಗಿಲೂ ಇರುವ ಒಂದು ಕೋಣೆಯನ್ನು ಅವರಿಗೆಂದೇ ಮೀಸಲಿಡಲು ಸಾಧ್ಯವಿದ್ದರೆ ಯಂತ್ರ ಉಪಕಾರಿ. ವೈದ್ಯರು ಕೊಟ್ಟ ಔಷಧ ಅದರೊಡನೆ ನಡೆಯುತ್ತಿರಲೇಬೇಕು. ಆಗ ಅಂಗಡಿಯಲ್ಲಿ ಮೊದಲು ಕೇಳಬೇಕಾದುದು ಬದಲಿ ಹಾಳೆಯ ಬೆಲೆಯನ್ನು, ಅದು ಶಿವಮೊಗ್ಗದಲ್ಲಾದರೂ ಸಿಗುತ್ತದೆಯೆ ಎಂಬುದನ್ನು. ಹೊಗೆಯಿರುವ ಮನೆಯಲ್ಲಿ ಹಾಳೆ ಆರೆಂಟು ತಿಂಗಳಿಗೇ ಕಪ್ಪಾಗಬಹುದು. ನಮ್ಮವರಿಗೆ ಎಲ್ಲವನ್ನೂ ತೊಳೆದು ಮತ್ತೆ ಬಳಸುವ ಒಳ್ಳೆಯ ಅಭ್ಯಾಸವಿದೆ. ಹೆಪಾ ಹಾಳೆಗೆ ಮಾತ್ರ ಅದು ಸಲ್ಲದು, ನೀರು ಬಿದ್ದರೆ ನಾರುಗಳು ಕೆಡುತ್ತವೆ. 'ಹೆಪಾ ಮಾದರಿ' ಎಂದಷ್ಟೇ ಬರೆದಿರುವುದನ್ನು ಬಿಟ್ಟು ಹೆಚ್13 ಎಂಬ ದರ್ಜೆ ಸ್ಪಷ್ಟವಾಗಿರುವುದನ್ನು ಆರಿಸಬೇಕು. ಅಯಾನು ಚೆಲ್ಲುವ, ಓಝೋನ್ ಬಿಡುವ ಯಂತ್ರಗಳನ್ನು ಮುಟ್ಟಲೇಬಾರದು. ಓಝೋನ್ ಉಬ್ಬಸವನ್ನು ಕೆರಳಿಸುವ ಅನಿಲ. ನಲವತ್ತು ವ್ಯಾಟಿನ ಯಂತ್ರ ರಾತ್ರಿ ಹತ್ತು ಗಂಟೆ ಓಡಿದರೆ ತಿಂಗಳಿಗೆ ಹನ್ನೆರಡು ಯೂನಿಟ್ ವಿದ್ಯುತ್ತು ಸಾಕು, ಖರ್ಚು ದೊಡ್ಡದಲ್ಲ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟೇ ಇಲ್ಲದ ಜುಲೈ ತಿಂಗಳಲ್ಲಿ ಅದು ಬರಿಯ ಪೆಟ್ಟಿಗೆ.

ಪರಿಸರಪ್ರಿಯರು ಯಂತ್ರಕ್ಕೆ ಬದಲಾಗಿ ಕೋಣೆಯೊಳಗೆ ಗಿಡಗಳನ್ನಿಡಲು ಹೇಳುವುದುಂಟು. 1989ರ ನಾಸಾ ಪ್ರಯೋಗವೊಂದು ಈ ನಂಬಿಕೆಯ ಮೂಲ. ಅದು ನಡೆದುದು ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ, ಅದೂ ಕೆಲವು ಅನಿಲಗಳ ಕುರಿತು. ಆ ಬಗೆಯ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರುಪರಿಶೀಲಿಸಿದವರು, ಕಿಟಕಿ ತೆರೆದಷ್ಟು ಪ್ರಯೋಜನವಾಗಬೇಕಾದರೆ ಪ್ರತಿ ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಗಿಡ ಬೇಕೆಂದು ಲೆಕ್ಕ ಕೊಟ್ಟರು. ಮಲಗಲು ಜಾಗವೆಲ್ಲಿ?

ಎಂಟು-ಹತ್ತು ಸಾವಿರ ರೂಪಾಯಿ ಕೈಯಲ್ಲಿರುವ ಮನೆಯವರು ಅದನ್ನು ಮೊದಲು ಬಚ್ಚಲ ಒಲೆಗೆ ಹಾಕುವುದು ಮೇಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ರೂಪಿಸಿದ ಒಲೆಗಳು ನಮ್ಮ ಕಡೆಗೆ ಅಪರಿಚಿತವಲ್ಲ. ಉರಿ ಪಾತ್ರೆಗೆ ಸರಿಯಾಗಿ ತಗುಲಿ, ಸೌದೆ ಕಡಿಮೆ ಸಾಕಾಗಿ, ಹೊಗೆ ಕೊಳವೆಯ ಮೂಲಕ ಮಾಡಿನಾಚೆಗೆ ಹೋಗುವಂತೆ ಕಟ್ಟುವ ವಿದ್ಯೆ ಅದು. ಕಟ್ಟಿಸಿಕೊಂಡ ಮನೆಗಳಲ್ಲಿಯೂ ಕೊಳವೆಯ ಮಸಿ ತೆಗೆಯದೆ ಒಲೆ ಮತ್ತೆ ಹೊಗೆಯಾಡಲಾರಂಭಿಸಿ, ಕೊನೆಗೆ ಕಿತ್ತು ಹಾಕಿದ್ದುಂಟು. ತಿಂಗಳಿಗೊಮ್ಮೆ ಕೊಳವೆ ತಟ್ಟುವ ಕೆಲಸವನ್ನು ಗಂಡಸರು ವಹಿಸಿಕೊಂಡಿದ್ದರೆ ಎಷ್ಟೋ ಒಲೆಗಳು ಉಳಿಯುತ್ತಿದ್ದವು. ಮಿಕ್ಕ ಹಣದಲ್ಲಿ ಮಲಗುವ ಕೋಣೆಗೆ ಮುಚ್ಚಿಗೆ ಹೊಡೆಸಬಹುದು.

ಒಂದು ಮನೆಯ ಕೈಯಲ್ಲಿರುವುದು ಇಷ್ಟು. ಅಕ್ಟೋಬರಿನಿಂದ ಜನವರಿಯವರೆಗೆ ಬರುವ ಹೊಗೆ ಊರೆಲ್ಲರದು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯೇ. ಸುಲಿಯುವ ಯಂತ್ರಗಳು ಬಂದ ಮೇಲೆ ಒಂದೇ ಕಡೆ ರಾಶಿಗಟ್ಟಲೆ ಬೀಳುವ ಆ ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ರಸ್ತೆಬದಿಗೆ ಸುರಿದು ಬೆಂಕಿ ಹಾಕುವುದು ರೂಢಿಯಾಗಿದೆ. ಅದು ಉರಿಯುವುದಿಲ್ಲ, ವಾರಗಟ್ಟಲೆ ಹೊಗೆಯಾಡುತ್ತದೆ. ಚಳಿಗಾಲದ ರಾತ್ರಿ ತುಂಗೆಯ ಕಣಿವೆಯಲ್ಲಿ ತಣ್ಣನೆಯ ಗಾಳಿ ತಳಕ್ಕಿಳಿದು ನಿಲ್ಲುತ್ತದೆ, ಬೆಚ್ಚನೆಯ ಪದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಹೊಗೆಗೆ ಮೇಲೇಳಲು ದಾರಿಯಿಲ್ಲ. ಬೆಳಗಿನ ಜಾವ ಗದ್ದೆಬಯಲಿನ ಮೇಲೆ ಕಾಣುವ ಬಿಳಿಪೊರೆಯನ್ನು ಎಲ್ಲರೂ ಇಬ್ಬನಿಯೆಂದೇ ತಿಳಿಯುತ್ತಾರೆ, ಅದರ ಒಂದು ಪಾಲು ಅಡಿಕೆ ಸಿಪ್ಪೆ. 24 ಗಂಟೆಗಳ ಸರಾಸರಿಯಲ್ಲಿ ಪಿ.ಎಂ. 2.5 ಕಣಗಳು ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. 2009ರ ಭಾರತೀಯ ಮಾನದಂಡ 60ರವರೆಗೆ ಅವಕಾಶ ಕೊಡುತ್ತದೆ. ಸಿಪ್ಪೆಯ ರಾಶಿಯ ಕೆಳಗಾಳಿಗಿರುವ ಮನೆಗಳ ಮಕ್ಕಳು ಯಾವ ಅಂಕಿಯಲ್ಲಿ ಉಸಿರಾಡುತ್ತಿದ್ದಾರೆಂದು ಅಳೆಯುವುದು ಕಾಲೇಜು ವಿದ್ಯಾರ್ಥಿಗಳಿಂದಲೂ ಆಗುವ ಕೆಲಸ. ಕೈಯಲ್ಲಿ ಹಿಡಿಯುವ ಮಾಪಕ ಈಗ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ಚಳಿಗಾಲದ ಒಣಹಗಲಿನಲ್ಲಿ ಅದರ ಅಂಕಿ ತಕ್ಕಮಟ್ಟಿಗೆ ನಂಬಲರ್ಹ.

ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2016ರ ಡಿಸೆಂಬರಿನಲ್ಲಿ ನಿಷೇಧಿಸಿ ದಂಡವನ್ನೂ ಗೊತ್ತುಪಡಿಸಿತು. ಸಿಪ್ಪೆಗೆ ಬೇರೊಂದು ದಾರಿ ತೋರಿಸದೆ ದಂಡ ಹಾಕಿದರೆ ಅದು ರಾತ್ರಿ ಹೊತ್ತು ಉರಿಯುತ್ತದೆ, ಅಷ್ಟೇ. ಲಿಗ್ನಿನ್ ಹೆಚ್ಚಿರುವ ಸಿಪ್ಪೆ ಕೊಳೆಯಲು ನಿಧಾನ. ಕೊಟ್ಟಿಗೆಗೆ ಹಾಸಿ, ಗೊಬ್ಬರಗುಂಡಿಯಲ್ಲಿ ಸಗಣಿ ಬಗ್ಗಡ ಹಾಗೂ ಹಸಿಸೊಪ್ಪಿನೊಡನೆ ಪದರ ಪದರವಾಗಿ ಹಾಕಿ, ತೇವ ಕಾಯ್ದು, ಟ್ರೈಕೋಡರ್ಮ ಬೆರೆಸಿದರೆ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ತೋಟಕ್ಕೆ ಗೊಬ್ಬರವಾಗುತ್ತದೆ. ಅಡಿಕೆತೋಟದ ತ್ಯಾಜ್ಯದಿಂದ ಎರೆಗೊಬ್ಬರ ಮಾಡುವ ಕ್ರಮವನ್ನು ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಬಹಳ ಹಿಂದೆಯೇ ಶಿಫಾರಸು ಮಾಡಿದೆ. ಸುಲಿಯುವ ಯಂತ್ರ ನಿಲ್ಲುವಲ್ಲಿಯೇ ಸಿಪ್ಪೆಯ ಗುಂಡಿಗೂ ಜಾಗ ಬೇಕು. ಜಾಗವಿಲ್ಲದ ಸಣ್ಣ ಹಿಡುವಳಿದಾರರಿಗೆ ಗ್ರಾಮ ಪಂಚಾಯಿತಿ ಅದನ್ನು ತೋರಿಸಿಕೊಡಬೇಕು. ಗೊನೆಗೆ ಕತ್ತಿ ಬಿದ್ದ ಮೇಲೆ ಯಾರಿಗೂ ಪುರಸತ್ತಿರುವುದಿಲ್ಲವಾದ್ದರಿಂದ ಈ ಮಾತು ಭಾದ್ರಪದದೊಳಗೆ ಗ್ರಾಮಸಭೆಯಲ್ಲಿ ಬರಬೇಕು.