ಸಂಕ ದಾಟಿಸಿದವನು

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿ ಸಂಕ ದಾಟಿದ್ದೀರಿ? ಮಲೆನಾಡಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಉಳಿದವರು ಕೇಳಿ: ಹಳ್ಳಕ್ಕೆ ಅಡ್ಡಲಾಗಿ ಈ ದಡದಿಂದ ಆ ದಡಕ್ಕೆ ಒಂದೆರಡು ಮರದ ದಿಮ್ಮಿ ಹಾಕಿದರೆ ಅದೇ ಸಂಕ. ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಳೆಗಾಲದಲ್ಲಿ ಮೇಲೆ ಪಾಚಿ, ಕೆಳಗೆ ಕೆಂಪು ನೀರು. ನಮ್ಮ ಮನೆಗೂ ಶಾಲೆಗೂ ನಡುವೆ ಅಂಥದೊಂದು ಇತ್ತು.

ನನಗೆ ಅದೆಂದರೆ ಜೀವವೇ ಹೋಗುವಷ್ಟು ಹೆದರಿಕೆ. ಒಂದನೇ ತರಗತಿಗೆ ಸೇರಿದ ವರ್ಷ ದಡದಲ್ಲಿ ನಿಂತು ಅಳುತ್ತಿದ್ದೆ. ದಿಬ್ಬದ ಮೇಲಿನ ಮನೆಯ ಹುಡುಗ ಬಂದ. ನನ್ನದೇ ವಯಸ್ಸು, ನನಗಿಂತ ಗಿಡ್ಡ. ಯಾಕೆ ಅಳುತ್ತೀ ಎಂದು ಕೇಳಲಿಲ್ಲ. ತನ್ನ ಕಂಬಳಿ ಕೊಪ್ಪೆಯ ತುದಿಯನ್ನು ನನ್ನ ಕೈಗೆ ಕೊಟ್ಟು, "ನೀರು ನೋಡಬೇಡ, ನನ್ನ ಬೆನ್ನು ನೋಡು" ಎಂದ. ನಾಲ್ಕು ಮಳೆಗಾಲ ಹಾಗೇ ದಾಟಿದೆ. ನಾನು ಅಂಜುಬುರುಕ ಎಂಬುದನ್ನು ಅವನು ಶಾಲೆಯಲ್ಲಿ ಒಬ್ಬರಿಗೂ ಹೇಳಲಿಲ್ಲ. ಆ ವಯಸ್ಸಿನಲ್ಲಿ ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ಶಾಲೆಯೆಂದರೆ ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಅಂಗಳದ ಮರಕ್ಕೆ ಕಬ್ಬಿಣದ ತುಂಡೊಂದನ್ನು ನೇತುಹಾಕಿದ್ದರು, ಅದೇ ಗಂಟೆ. ಸ್ಲೇಟು ಒರೆಸಲು ನೀರುಕಡ್ಡಿ ಗಿಡ ಕಿತ್ತು ತರುವ ಕೆಲಸ ನಮ್ಮಿಬ್ಬರದು.

ಆಮೇಲೆ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದಿತು. 1964ರ ಹೊತ್ತಿಗೆ ನೀರು ನಮ್ಮ ಗದ್ದೆ, ಮನೆ, ಸಂಕ, ಶಾಲೆ ಎಲ್ಲವನ್ನೂ ತೆಗೆದುಕೊಂಡಿತು. ನಾವು ಶಿವಮೊಗ್ಗದ ಕಡೆ ಹೋದೆವು. ಅವನ ಮನೆ ದಿಬ್ಬದ ಮೇಲಿದ್ದರಿಂದ ಉಳಿಯಿತು, ಗದ್ದೆ ಹೋಯಿತು. ಶಾಲೆಯೇ ಮುಳುಗಿದ ಮೇಲೆ ಅವನ ಓದು ನಾಲ್ಕನೇ ತರಗತಿಗೇ ನಿಂತಿತು. ನಾನು ಪೇಟೆಯಲ್ಲಿ ಓದಿ ನೌಕರಿಗೆ ಸೇರಿದೆ. ನಾಡಿಗೆ ಬೆಳಕು ಕೊಡಲು ಮುಳುಗಿದ ಊರು ನಮ್ಮದು. ಅವನ ಮನೆಗೆ ಕರೆಂಟು ಬರಲು ಮಾತ್ರ ಎಷ್ಟೋ ವರ್ಷ ಹಿಡಿಯಿತು. ಆದರೂ ಕಾರ್ಡು ಬರೆಯುವುದನ್ನು ಅವನು ಬಿಡಲಿಲ್ಲ. ದುಂಡು ದುಂಡು ಅಕ್ಷರ, ಅದೇ ಮೇಷ್ಟ್ರು ತಿದ್ದಿಸಿದ್ದು.

ಈಗ ನನ್ನ ತಪ್ಪಿನ ಕಥೆ. 2000ನೇ ಇಸವಿಯ ಬೇಸಿಗೆಯಲ್ಲಿ ಅವನ ಮಗಳ ಮದುವೆ. ಅವನ ಹೆಂಡತಿಗೆ ಅಣ್ಣತಮ್ಮಂದಿರಿಲ್ಲ. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಸೋದರಮಾವನ ಕೆಲಸ ನನ್ನದು ಎಂದು ಅವನು ಆರು ತಿಂಗಳ ಮೊದಲೇ ಬರೆದಿದ್ದ. ಹಿಂದಿನ ದಿನವೇ ಹೊರಟೆ. ಆಗ ಅವನ ಊರಿಗೆ ಹೋಗಬೇಕೆಂದರೆ ಹಿನ್ನೀರನ್ನು ಲಾಂಚಿನಲ್ಲಿ ದಾಟಬೇಕು; ಕತ್ತಲಾದ ಮೇಲೆ ಲಾಂಚಿಲ್ಲ. ನಾನೋ, ಸಾಗರದ ಪೇಟೆಯಲ್ಲಿ ಉಡುಗೊರೆಗೆಂದು ತಾಮ್ರದ ಹಂಡೆಯೊಂದನ್ನು ನೋಡಿ ಚೌಕಾಸಿಗೆ ನಿಂತೆ. ಮೂವತ್ತು ರೂಪಾಯಿಗೆ ಒಂದು ಗಂಟೆ! ಗೆದ್ದೆ ಎಂದುಕೊಂಡು ದಡಕ್ಕೆ ಬಂದರೆ ಕೊನೆಯ ಲಾಂಚು ನಡುನೀರಿನಲ್ಲಿತ್ತು. ಹಂಡೆ ಹಿಡಿದು ಕೂಗಿದೆ. ಯಾರಿಗೆ ಕೇಳಬೇಕು?

ಆ ರಾತ್ರಿ ದಡದ ಚಾ ಅಂಗಡಿಯ ಬೆಂಚಿನ ಮೇಲೆ ಮಲಗಿದೆ. ಬೆಳಗಿನ ಲಾಂಚು ಹಿಡಿದು ಹೋಗುವಷ್ಟರಲ್ಲಿ ಧಾರೆ ಮುಗಿದಿತ್ತು. ಯಾರೋ ದೂರದ ನೆಂಟರು ಹುಡುಗಿಯ ಕೈ ಹಿಡಿದು ಕರೆತಂದಿದ್ದರಂತೆ. ಗೆಳೆಯ ಹಂಡೆ ತೆಗೆದುಕೊಂಡ, ಎಲೆ ಹಾಕಿಸಿದ, ತಾನೇ ನಿಂತು ಹೋಳಿಗೆಗೆ ತುಪ್ಪ ಬಡಿಸಿದ. ಹೊರಡುವಾಗ ಒಂದೇ ಮಾತು: "ಕಾರ್ಗಲ್ ಕಡೆಯಿಂದ ಸುತ್ತು ಹಾಕಿ ಬರಬಹುದಿತ್ತು." ನಿಜ, ಬರಬಹುದಿತ್ತು. ರಾತ್ರಿ ಜೀಪು ಹುಡುಕುವ ಬದಲು ನಾನು ಬೆಂಚು ಹುಡುಕಿದ್ದೆ.

ಆಮೇಲೆ ಕಾರ್ಡು ಬರಲಿಲ್ಲ. ನಾನು ಎರಡು ಸಲ ಬರೆದು ಹರಿದು ಹಾಕಿದೆ. ಕ್ಷಮೆ ಕೇಳುವುದಕ್ಕೆ ನನ್ನ ಓದು ಯಾವ ಉಪಯೋಗಕ್ಕೂ ಬರಲಿಲ್ಲ. ಮೂರು ವರ್ಷ ಹೀಗೇ ಹೋಯಿತು.

ಆ ವರ್ಷಗಳಲ್ಲಿ ಬರಗಾಲ. 2003ರ ಮೇ ತಿಂಗಳಲ್ಲಿ ಒಂದು 50 ಪೈಸೆಯ ಕಾರ್ಡು ಬಂತು. ಕ್ಷೇಮ ಸಮಾಚಾರವಿಲ್ಲ, ಸಹಿಯೂ ಇಲ್ಲ. "ನೀರು ಇಳಿದಿದೆ. ಶಾಲೆ ಕಂಡಿದೆ. ಬಾ."

ಈ ಸಲ ಬೆಳಗಿನ ಲಾಂಚಿಗೇ ಹೋದೆ. ಬಿರುಕು ಬಿಟ್ಟ ಕೆಸರಿನ ಮೇಲೆ ಇಬ್ಬರೂ ನಡೆದೆವು. ಶಾಲೆಯ ಪಂಚಾಂಗದ ಕಲ್ಲು, ಎರಡು ಮೆಟ್ಟಿಲು, ಅಂಗಳದಲ್ಲಿ ಕರ್ರಗಾದ ಒಂದು ಬೊಡ್ಡೆ. ಮೂರು ವರ್ಷ ಮಾತಿಲ್ಲದವರು ಏನೆಂದು ಶುರು ಮಾಡಬೇಕು? "ಗಂಟೆ ಕಟ್ಟಿದ್ದ ಮಾವಿನ ಮರ ಇದೇ ಅಲ್ಲವಾ?" ಎಂದೆ.

"ಮಾವಲ್ಲ ಮಾರಾಯ, ಹಲಸು."

"ಮಾವು. ನಾನು ಮಿಡಿ ಕೊಯ್ದದ್ದು ನೆನಪಿದೆ."

"ನೀನು ಕೊಯ್ದದ್ದು ಮೇಷ್ಟ್ರ ಮನೆ ಹಿಂದಿನ ಮರದ್ದು. ಮಾವಾಗಿದ್ದರೆ ಇಷ್ಟು ವರ್ಷ ನೀರಲ್ಲಿ ಉಳೀತಿತ್ತಾ?" ಎಂದು ಸೊಂಟದ ಕತ್ತಿ ತೆಗೆದು ಬೊಡ್ಡೆಗೆ ಒಂದು ಏಟು ಹಾಕಿದ. ಕರಿಯ ಸಿಪ್ಪೆ ಹಾರಿತು. ಒಳಗೆ ಹಳದಿ ತಿರುಳು. ಆ ಚಕ್ಕೆಯನ್ನು ನನ್ನ ಅಂಗೈಗೆ ಹಾಕಿ ನಕ್ಕ. ಮೆಟ್ಟಿಲ ಮೇಲೆ ಕುಳಿತು ಅವನು ತಂದ ಅವಲಕ್ಕಿ ತಿಂದೆವು. ಮದುವೆಯ ಮಾತು ಆ ದಿನವೂ ಬರಲಿಲ್ಲ. ಆದರೆ ಹೊರಡುವಾಗ ಲಾಂಚಿನ ದಡದವರೆಗೆ ಅವನ ಮಗಳೂ ಬಂದಳು, "ಮಾವ, ಹಂಡೆ ತುಂಬಾ ಚೆನ್ನಾಗಿದೆ" ಎಂದಳು. ನನಗೆ ಕಣ್ಣು ತುಂಬಿತು.

ಕಳೆದ ವರ್ಷ, 2025ರ ಜುಲೈ 14ರಂದು, ಆ ಹಿನ್ನೀರಿಗೆ ಸೇತುವೆ ಉದ್ಘಾಟನೆಯಾಯಿತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಸುಮಾರು 2.4 ಕಿಲೋಮೀಟರು. ಮರುದಿನವೇ ಅವನ ಫೋನು: "ದೊಡ್ಡ ಸಂಕ ಹಾಕಿದ್ದಾರೆ, ಬಾ."

ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವನು ಕೋಲೂರಿಕೊಂಡು ಸೇತುವೆಯ ಮೇಲೇ ಬಂದು ನಿಂತಿದ್ದ. "ಅಜ್ಜ, ನಿಮ್ಮ ಶಾಲೆ ಎಲ್ಲಿತ್ತು?" ಎಂದು ಮೊಮ್ಮಗಳು ಕೇಳಿದಳು. ಅವನು ಕೋಲೆತ್ತಿ ಎಡಗಡೆ ತೋರಿಸಿದ, ನಾನು ಬಲಗಡೆ. ಅಷ್ಟು ನೀರಿನಲ್ಲಿ ಗುರುತು ಹಿಡಿಯಲು ಏನೂ ಇರಲಿಲ್ಲ. ಸರಿಯಾಗಿ ನೋಡೋಣವೆಂದು ಬಗ್ಗಿದೆ. ಕೆಳಗೆ ನೀರು ಕಂಡದ್ದೇ ತಡ, ತಲೆ ಗಿರ್ರೆಂದಿತು. ಕಂಬಿ ಹಿಡಿದುಕೊಂಡೆ.

"ಇನ್ನೂ ಹೋಗಿಲ್ಲವಾ ನಿಂಗೆ ಅದು?" ಎಂದ ಅವನು.

"ಏನದು ಅಜ್ಜ?" ಎಂದಳು ಮೊಮ್ಮಗಳು.

ಅವನು ನನ್ನ ಮುಖ ನೋಡಿದ. "ಏನಿಲ್ಲ ಪುಟ್ಟಿ. ನಿನ್ನಜ್ಜಂಗೆ ಈ ಗಾಳಿ ಆಗೋದಿಲ್ಲ. ಬಾ, ಮನೆಗೆ ಹೋಗೋಣ" ಎಂದು, ಶಾಲಿನ ತುದಿಯನ್ನು ನನ್ನ ಕಡೆ ಎಸೆದು, ಮುಂದೆ ನಡೆದ.