ಲಾಗದ ಪಾರಿವಾಳ ಮತ್ತು ಮನೆಯವರ ಉಸಿರು

2025ರಲ್ಲಿ ಮುಂಬಯಿಯ ದಾದರ್ ಕಬೂತರ್‌ಖಾನೆಯನ್ನು ನಗರಪಾಲಿಕೆ ಮುಚ್ಚಿದಾಗ, ಪಾರಿವಾಳಕ್ಕೆ ಕಾಳು ಹಾಕುವುದು ಪುಣ್ಯವೋ ಅಪಾಯವೋ ಎಂಬ ವಾದ ಬಿರುಸಾಗಿ ನಡೆಯಿತು. ಬೀದಿಯ ಹಕ್ಕಿಗೆ ಅನ್ವಯಿಸುವ ಆ ಪ್ರಶ್ನೆ, ಬಾಲ್ಕನಿಯ ಗೂಡಿನಲ್ಲಿ ಅಕ್ಕರೆಯಿಂದ ಸಾಕುವ ಲಾಗದ ಪಾರಿವಾಳಕ್ಕೂ ಅನ್ವಯಿಸತಕ್ಕದ್ದೇ ಆಗಿದೆ.

ಈ ಹವ್ಯಾಸ ಕೀಳಾದುದೇನೂ ಅಲ್ಲ. ಮೆಲ್ಲನೆ ಅಲುಗಿಸಿ ನೆಲಕ್ಕೆ ಬಿಟ್ಟೊಡನೆ ಉರುಳುರುಳಿ ಲಾಗ ಹಾಕುವ ‘ಲೋಟನ್’ ತಳಿಯನ್ನು ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ವರ್ಣಿಸಿದ್ದಾನೆ. ಸ್ವತಃ ಪಾರಿವಾಳಗಳನ್ನು ಸಾಕಿದ ಡಾರ್ವಿನ್, ಮಾನವನ ಆಯ್ಕೆಯಿಂದ ತಳಿಗಳು ಮಾರ್ಪಡುವ ಬಗೆಯನ್ನು 1859ರ ತನ್ನ ಗ್ರಂಥದಲ್ಲಿ ವಿವರಿಸಿದನು. ಎಚ್ಚರಿಕೆಯ ಮಾತೂ ಅಲ್ಲಿಯೇ ಉಂಟು: ಕೊಕ್ಕು ಗಿಡ್ಡವಾಗಲೆಂದು ಬೆಳೆಸಿದ ಲಾಗದ ತಳಿಯಲ್ಲಿ ಎಷ್ಟೋ ಮರಿಗಳು ಮೊಟ್ಟೆಯೊಡೆದು ಹೊರಬರಲಾರದೆ ಸಾಯುತ್ತವೆಂದೂ, ಸಾಕುವವರೇ ನೆರವಾಗಬೇಕಾಗುತ್ತದೆಂದೂ ಆತ ಉಲ್ಲೇಖಿಸಿದ್ದಾನೆ. ನೆಲದ ಮೇಲೆಯೇ ಉರುಳುವಂತೆ ಬೆಳೆಸಿದ ಕೆಲವು ತಳಿಗಳಂತೂ ಹಾರುವುದನ್ನೇ ಮರೆತಿವೆ. ಹಕ್ಕಿಯಿಂದ ಹಾರಾಟವನ್ನೇ ಕಸಿದುಕೊಳ್ಳುವ ಅಂದ, ಅಂದವೆನಿಸದು.

ಇನ್ನು ಸಾಕುವವರ ಆರೋಗ್ಯದ ಮಾತು. ಪಾರಿವಾಳದ ಗರಿಯಿಂದ ಉದುರುವ ಬಿಳಿಯ ಹುಡಿಯಲ್ಲಿಯೂ ಒಣಗಿದ ಹಿಕ್ಕೆಯ ಧೂಳಿನಲ್ಲಿಯೂ ಇರುವ ಪ್ರೋಟೀನುಗಳು ಕೆಲವರ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಗೂಡು ಗುಡಿಸಿದ ನಾಲ್ಕಾರು ಗಂಟೆಗಳ ತರುವಾಯ ಜ್ವರ, ಚಳಿ, ಒಣಕೆಮ್ಮು, ಏದುಸಿರು ಕಾಣಿಸಿಕೊಂಡು, ಸಾಮಾನ್ಯ ಜ್ವರವೆಂಬ ಭ್ರಮೆ ಹುಟ್ಟಿಸಿ ಇಳಿದುಹೋಗುತ್ತವೆ. ಇದು ರೋಗಾಣುವಿನ ಸೋಂಕಲ್ಲವಾದುದರಿಂದ ಆ್ಯಂಟಿಬಯಾಟಿಕ್ ಗುಳಿಗೆಗಳಿಂದ ಪ್ರಯೋಜನವಿಲ್ಲ. ಧೂಳಿನ ಸಂಪರ್ಕ ವರ್ಷಗಟ್ಟಲೆ ಮುಂದುವರಿದರೆ ಶ್ವಾಸಕೋಶ ನಾರುಗಟ್ಟಬಹುದು. ಹಾಗೆ ಗಟ್ಟಿಯಾದ ಭಾಗ ಮತ್ತೆ ಮೆತ್ತಗಾಗದು.

“ಇಷ್ಟು ವರ್ಷ ಸಾಕಿದೆವು, ಏನೂ ಆಗಲಿಲ್ಲ” ಎನ್ನುವವರು ಉಂಟು. ಸಾಕುವವರೆಲ್ಲರಿಗೂ ಈ ವ್ಯಾಧಿ ಬರುವುದಿಲ್ಲವೆಂಬುದು ನಿಜವೇ. ಆದರೆ ಎರಡು ಕೋಣೆಗಳ ಮನೆಯಲ್ಲಿ ಆ ಧೂಳನ್ನು ಸಾಕುವವನೊಬ್ಬನೇ ಉಸಿರಾಡುವುದಿಲ್ಲ. ಊರಿನಿಂದ ಬಂದ ವೃದ್ಧ ಮಾತಾಪಿತೃಗಳೂ ಎಳೆಯ ಮಕ್ಕಳೂ ಉಸಿರಾಡುತ್ತಾರೆ. ಹವ್ಯಾಸ ಒಬ್ಬನದು, ಅಪಾಯ ಎಲ್ಲರದು ಎಂಬುದು ನ್ಯಾಯವಲ್ಲ.

ಆದುದರಿಂದ ಗೂಡು ವಾಸದ ಕೋಣೆಯಿಂದ ದೂರವಿರಲಿ. ಸೂಲಿಗೆ ಎರಡೇ ಮೊಟ್ಟೆಯಾದರೂ ವರ್ಷಕ್ಕೆ ಹಲವು ಸೂಲುಗಳಾಗುವುದರಿಂದ ಜೋಡಿಗಳ ಸಂಖ್ಯೆ ಮಿತಿ ಮೀರದಿರಲಿ. ಮುಖಗವಸು ಧರಿಸಿ, ನೀರು ಚಿಮುಕಿಸಿದ ಮೇಲೆಯೇ ಹಿಕ್ಕೆಯನ್ನು ತೆಗೆಯಲಿ. ಬಿಡದ ಕೆಮ್ಮಿಗಾಗಿ ವೈದ್ಯರನ್ನು ಕಾಣುವಾಗ ಮನೆಯಲ್ಲಿ ಪಾರಿವಾಳವಿರುವುದನ್ನು ಮರೆಯದೆ ತಿಳಿಸಲಿ. ವ್ಯಾಧಿ ನಿಶ್ಚಿತವಾದರೆ ಹಕ್ಕಿಗಳನ್ನು ಬೇರೆಡೆಗೆ ಒಪ್ಪಿಸುವುದೇ ವಿವೇಕ. ಆಕಾಶದಲ್ಲಿ ಲಾಗ ಹಾಕುವ ಹಕ್ಕಿಯನ್ನು ಕಣ್ತುಂಬ ನೋಡಲು ನೋಡುವವನ ಉಸಿರೂ ಗಟ್ಟಿಯಾಗಿರಬೇಕಷ್ಟೆ!